ತಲೆಕೆಳಗಾಗಿ ನಿಂತಿರುವ ನಮ್ಮ ಮಿಲ್ಲಿಂಗ್ ಮೆಷಿನ್ನಿನ ಸನ್ನಿಧಾನಕ್ಕೆ

ಮಾನ್ಯರೇ,

ವಿಸ್ಕಾನ್ಸಿನ್ನಿನ ಶೆಬಾಯ್ಗನ್ ಊರಿನ ನಮ್ಮ ಗ್ಯಾರೇಜಿನ ಬಲಭಾಗವನ್ನು ಒಂದು ಟನ್ನಿನ ತಮ್ಮ ಘನ ದೇಹದಿಂದ ಅಲಂಕರಿಸಿರುವ ತಮಗೆ, ಅದೇ ಗ್ಯಾರೇಜಿನ ಉಳಿದ ಜಾಗದಲ್ಲಿ ಹೊಟ್ಟೆ ಒಳಗೆಳೆದುಕೊಂಡು ಓಡಾಡುವ ನಿವೃತ್ತ ಟೂಲ್‌ಮೇಕರ್ ಡೆಲ್ಮರ್ ಓಪರ್‌ಮನ್ನನ ಸವಿನಯ ನಮಸ್ಕಾರಗಳು. ನಿನ್ನೆ ತಾನೇ ತಮಗೆ ಎಣ್ಣೆ ಹಚ್ಚಿ ಒರೆಸಿದವನು ನಾನೇ ಆದ್ದರಿಂದ ತಮ್ಮ ಕ್ಷೇಮಸಮಾಚಾರವನ್ನು ಬೇರೆ ಕೇಳುವುದಿಲ್ಲ. ನಮ್ಮಿಬ್ಬರ ವಿಚಾರವನ್ನು ಹೀಗೆ ಬಹಿರಂಗ ಮಾಡಬೇಕಾಗಿ ಬಂದದ್ದಕ್ಕೆ ಪಕ್ಕದ ಮನೆಯ ರೂಡಿ ನೊವಾಟ್ನಿಯೇ ಕಾರಣ. ಅವನು ಅದನ್ನು ಆಗಲೇ ಊರ ಬೇಕರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ, ಮತ್ತು ಅವನು ಹೇಳುವ ಕತೆಯಲ್ಲಿ ನಾನು ಬಹಳ ಪೆದ್ದ.

ಮೊದಲು ತಮ್ಮ ಆಯ್ಕೆಯ ವಿಚಾರ. ಮನೆಯ ಗ್ಯಾರೇಜಿನಲ್ಲಿ ಲೋಹದ ಕೆಲಸಕ್ಕೆ ಕೈಹಾಕುವವನು ಮೊದಲು ಕೊಳ್ಳಬೇಕಾದದ್ದು ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಎಂದೂ, ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಆಮೇಲೆ ಬಂದರಾಯಿತೆಂದೂ, ಅದೂ ಮೇಜಿನ ಮೇಲೆ ಕೂರುವಂಥ ಪುಟ್ಟದು ಸಾಕೆಂದೂ ಬೆಳಗಿನ ಕಾಫಿಗೆ ಸೇರುವ ನನ್ನ ಹಳೆಯ ಜೊತೆಗಾರರು ಒಕ್ಕೊರಲಿನಿಂದ ಹೇಳಿದ್ದರು. ಮದುವೆಯಾಗುವಾಗಲೂ ನಾನು ಅಷ್ಟು ಜನರ ಬುದ್ಧಿವಾದ ಕೇಳಿರಲಿಲ್ಲ. ಆದರೆ ನಾನು ದುಡಿದ ಕಾರ್ಖಾನೆ ಮುಚ್ಚಿ, ಸಾಮಾನೆಲ್ಲ ಹರಾಜಿಗೆ ಬಂದ ದಿನ, ಮೈಮೇಲೆ ಚೀಟಿ ಅಂಟಿಸಿಕೊಂಡು ಮೂಲೆಯಲ್ಲಿ ನಿಂತಿದ್ದ ತಮ್ಮನ್ನು ಗುಜರಿಯವನೊಬ್ಬ ಕಬ್ಬಿಣದ ತೂಕಕ್ಕೆ ಕೇಳುತ್ತಿರುವುದನ್ನು ಕಂಡು ನನ್ನ ಕೈ ತಾನಾಗಿ ಮೇಲೆದ್ದಿತು. ನನ್ನ ಅರ್ಧ ಆಯಸ್ಸು ತಮ್ಮ ಮುಂದೆ ನಿಂತು ಕಳೆದಿದೆ, ನೋಡಿಕೊಂಡು ಸುಮ್ಮನಿರಲಾಗಲಿಲ್ಲ.

ತಾವು ಬಂದ ಮೇಲೆ ತಮ್ಮ ಪರಿವಾರದ ಕಟರು, ಸ್ಪ್ಯಾನರುಗಳಿಗೊಂದು ಮನೆ ಬೇಕಲ್ಲ. ರೂಡಿ ತನ್ನ ಅಡುಗೆಮನೆಯಿಂದ ಕಿತ್ತುಹಾಕಿದ ಹಳೆಯ ಮರದ ಕಪಾಟುಗಳನ್ನು ಪುಕ್ಕಟೆ ಕೊಡುತ್ತೇನೆಂದ. ಅವುಗಳ ಬಾಗಿಲು ಎಳೆಯಲು ಭುಜಬಲ ಬೇಕಿತ್ತು. ನಾನು ಮೂಗು ಮುರಿದು, ಕೆಂಪು ಬಣ್ಣದ ಉಕ್ಕಿನ ಟೂಲ್ಸ್ ಕಪಾಟನ್ನೇ ತಂದೆ. ಅದರ ಡ್ರಾಯರುಗಳು ಬೇರಿಂಗಿನ ಮೇಲೆ ಓಡುತ್ತವೆ, ಕಿರುಬೆರಳು ತಾಗಿಸಿದರೆ ಸಾಕು, ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಗೆ ಬರುತ್ತವೆ. ಬಂದವರಿಗೆಲ್ಲ ಎಳೆದು ತೋರಿಸಿದೆ. ರೂಡಿಗೆ ಎರಡು ಸಲ ತೋರಿಸಿದೆ.

ಈ ಸಡಗರದ ನಡುವೆ ನನ್ನ ಹೆಂಡತಿ ಅರ್ಲೀನಳ ಸೊಂಟದ ಕೀಲಿನ ಆಪರೇಷನ್ ನಿಗದಿಯಾಯಿತು. ಹೊಸ ಕೀಲು ಕೂರುವ ಮೊದಲು ಬಿದ್ದರೆ ಎಲ್ಲ ಕೆಟ್ಟಿತೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅರ್ಲೀನಳಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಅವಳ ತಾಯಿ ಇದೇ ಊರಿನಲ್ಲಿ, ಸ್ವಂತ ಮನೆಯ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದವರು ಮತ್ತೆ ಎದ್ದು ನಡೆಯಲಿಲ್ಲ. ಆಸ್ಪತ್ರೆಗೆ ಹೊರಡುವ ಮುನ್ನ ಅವಳು ನನ್ನಲ್ಲಿ ಕೇಳಿದ್ದು ಇಷ್ಟೇ. "ಡೆಲ್, ಗ್ಯಾರೇಜಿಗೆ ನೀನು ಏನ್ ಬೇಕಾದ್ರೂ ತುಂಬ್ಕೋ. ನನ್ನ ಮಾತ್ರ ಕಾರಲ್ಲೇ ಒಳಗೆ ತಂದು ಇಳಿಸು. ನಾನು ಆ ಐಸ್ ಮೇಲೆ ಕಾಲಿಡಲ್ಲ." ನಾನು ಮಾತು ಕೊಟ್ಟೆ.

ಕೊಟ್ಟ ಮಾತಿಗೆ ತಕ್ಕಂತೆ ಅಳತೆಯನ್ನೂ ತೆಗೆದೆ. ಕೂದಲೆಳೆಯನ್ನು ಸೀಳಿ ಅಳೆದು ಸಂಬಳ ಪಡೆದವನು ನಾನು. ಎಡಕ್ಕೆ ಕಾರು, ಬಲಕ್ಕೆ ತಾವು, ತಮ್ಮ ಪಕ್ಕದಲ್ಲಿ ಕಪಾಟು, ಅದರಾಚೆ ಅಡುಗೆಮನೆಯ ಬಾಗಿಲು. ತಮ್ಮ ನೆತ್ತಿಗೂ ಚಾವಣಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಉಳಿಯಿತು. ಬಿಡಿಸಿ ತಂದಿದ್ದ, ಮೋಟಾರು ಹೊತ್ತ ತಮ್ಮ ತಲೆಯನ್ನು ಮತ್ತೆ ಕೂರಿಸಿ, ಬೋಲ್ಟ್ ಬಿಗಿದು, ಕಾರನ್ನೂ ಒಳಗೇ ಇರಿಸಿಕೊಂಡು ದೂರ ನಿಂತು ನೋಡಿದಾಗ ಎದೆಯುಬ್ಬಿ ಬಂತು. ಇಷ್ಟನ್ನೂ ನಾನು ಮಾಡಿದ್ದು, ಹೊರಗೆ ಕೊರೆಯುವ ಚಳಿಯಿದ್ದ ಕಾರಣ, ಗ್ಯಾರೇಜಿನ ಬಾಗಿಲು ಹಾಕಿಕೊಂಡು. ನಮ್ಮ ಬಾಗಿಲಾದರೋ ಗುಂಡಿ ಒತ್ತಿದರೆ ಮೇಲಕ್ಕೆ ಸರಿದು, ಚಾವಣಿಯ ಕೆಳಗೆ ಚಾಪೆಯಂತೆ ಅಡ್ಡ ಮಲಗುವಂಥದ್ದು.

ಅರ್ಲೀನಳನ್ನು ಕರೆತರುವ ಬೆಳಿಗ್ಗೆ ಗುಂಡಿ ಒತ್ತಿದೆ. ಬಾಗಿಲು ಮೇಲೆದ್ದು, ಒಳಗೆ ಬಂದು, ತಮ್ಮ ಮೋಟಾರಿಗೆ ಹಣೆ ಮುಟ್ಟಿಸಿ, ಅಪ್ಪಣೆ ಪಡೆದಂತೆ ತಾನಾಗಿ ಕೆಳಗಿಳಿಯಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಅದೇ ಮರ್ಯಾದೆ. ಕಾರು ಒಳಗೆ ಸೆರೆ, ನಾನು ಕೋಟು ಹಾಕಿಕೊಂಡು ಬೀಗದ ಕೈ ಹಿಡಿದು ಅದರ ಪಕ್ಕದಲ್ಲಿ. ಕರೆದ ಕೂಡಲೇ ರೂಡಿ ಬಂದ, ಬಾಗಿಲನ್ನೂ ತಮ್ಮನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದ. ಅವನ ಎತ್ತರದ ಪಿಕಪ್ಪಿಗೆ ಹೊಸ ಕೀಲಿನವಳು ಹತ್ತುವಂತಿರಲಿಲ್ಲ. ಹತ್ತಿದರೂ ಇಳಿಯಬೇಕಾದದ್ದು ಅದೇ ಮಂಜುಗಡ್ಡೆಯ ಮೇಲೆ. "ನಲವತ್ತು ವರ್ಷ ಅಳೆದೋನು ನೀನು," ಎಂದ ರೂಡಿ, "ಆ ಸ್ಪ್ಯಾನರ್ ಈ ಕಡೆ ಕೊಡು, ಅದರ ತಲೆ ಕೆಳಗೆ ಮಾಡೋಣ. ನಿಂದು ಆಮೇಲೆ ನೋಡ್ಕೊಳ್ಳೋಣ."

ಹೀಗೆ ನಾವಿಬ್ಬರು ಮುದುಕರು ತಮ್ಮ ಬೋಲ್ಟುಗಳನ್ನು ಸಡಿಲಿಸಿ, ತಮ್ಮ ತಲೆಯನ್ನು ಇಷ್ಟಿಷ್ಟೇ ತಿರುಗಿಸಿ, ಮೋಟಾರು ನೆಲ ನೋಡುವಂತೆ ಮಾಡಿದೆವು. ಬಾಗಿಲು ತೆರೆಯಿತು. ಆಸ್ಪತ್ರೆಯ ಹೊಸ್ತಿಲಲ್ಲಿ ಗಾಲಿಕುರ್ಚಿಯಲ್ಲಿ ಕೋಟು ತೊಟ್ಟು ಕಾದಿದ್ದ ಅರ್ಲೀನ್ ನನ್ನ ಕೈಯ ಗ್ರೀಸನ್ನು ನೋಡಿದಳು. ನಾನು ಜಾಣತನದಿಂದ ಹವಾಮಾನದ ವಿಷಯ ಮಾತಾಡುತ್ತಾ ಬಂದೆ.

ಕಾರು ಒಳಗೆ ಬಂತು, ಬಾಗಿಲು ಮುಚ್ಚಿತು, ಕೊಟ್ಟ ಮಾತು ಉಳಿಯಿತೆಂದುಕೊಂಡು ನಾನು ಡಿಕ್ಕಿಯಿಂದ ಅವಳು ಹಿಡಿದು ನಡೆಯುವ ವಾಕರ್ ತೆಗೆಯಲು ಹೋದೆ. ಅರ್ಲೀನ್ ಕಾಯಲಿಲ್ಲ. ಅವಳು ಯಾವತ್ತೂ ಕಾದವಳಲ್ಲ. ಕಾರಿನಿಂದ ಎದ್ದು ನಿಂತು, ಹತ್ತಿರ ಕಂಡ ಕೆಂಪು ಕಪಾಟಿನ ಹಿಡಿಯ ಮೇಲೆ ಭಾರ ಬಿಟ್ಟಳು. ಡ್ರಾಯರ್ ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಗೆ ಬಂತು. ಅವಳು ಹಿಂದಕ್ಕೆ ವಾಲಿದಳು, ನನ್ನೆರಡೂ ಕೈ ಡಿಕ್ಕಿಯಲ್ಲಿದ್ದವು, ನಡುವೆ ಇಡೀ ಕಾರಿತ್ತು. ಅವಳ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡಿ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು, ಲೋಹವನ್ನಿಟ್ಟು ಕೊರೆಯುವ ತಮ್ಮ ಮೇಜಿನ ಅಂಚು.

ತಾವು ಅಲುಗಲಿಲ್ಲ. ನಾನು ಡಿಕ್ಕಿಗೆ ಹಣೆ ಆನಿಸಿ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ತಮ್ಮನ್ನೇ ತಬ್ಬಿ ನಿಂತು ಉಸಿರು ಸರಿಮಾಡಿಕೊಂಡ ಅರ್ಲೀನ್ ಕೊನೆಗೆ ಮೆಲ್ಲಗೆ ಹೇಳಿದಳು: "ಡೆಲ್, ಇದನ್ನ ಇಲ್ಲಿಂದ ಕದಲಿಸಿದ್ರೆ ನೋಡು."

ನನ್ನ ದೂರು ಇಲ್ಲಿಂದ ಶುರು, ಮಾನ್ಯರೇ. ತಮ್ಮನ್ನು ಹಿಂಬದಿಯ ಗೋಡೆಗೆ, ಬಾಗಿಲು ತಲುಪದ ಜಾಗಕ್ಕೆ ಸರಿಸೋಣವೆಂದು ರೂಡಿ ಸರಪಳಿ ಸಮೇತ ಬಂದಾಗ ಅವಳು ಅವನಿಗೆ ಸೇಬಿನ ಕೇಕು ಕೊಟ್ಟು ವಾಪಸು ಕಳಿಸಿದಳು. ಹೊರಗೆಲ್ಲ ಮಂಜುಗಡ್ಡೆಯಾದ್ದರಿಂದ ಅವಳ ನಡಿಗೆಯ ಅಭ್ಯಾಸವೆಲ್ಲ ತಮ್ಮ ಸುತ್ತಲೇ. ತಮ್ಮ ಹ್ಯಾಂಡಲಿಗೆ ಅವಳ ಸ್ವೆಟರು ತೂಗುತ್ತದೆ. ತಮ್ಮ ಮೇಜಿನ ಮೇಲೆ ಕಾಫಿ ಲೋಟದ ದುಂಡನೆಯ ಗುರುತು ಬಿದ್ದಿದೆ; ಕಾರ್ಖಾನೆಯಲ್ಲಾಗಿದ್ದರೆ ಅಂಥವನ ಜೊತೆ ನಾನು ಮಾತು ಬಿಡುತ್ತಿದ್ದೆ, ಈಗ ನಾನೇ ಲೋಟ ತುಂಬಿಸಿ ತಂದಿಡುತ್ತೇನೆ. ಇಷ್ಟೆಲ್ಲ ಆಗಿಯೂ, ತಾವು ತಲೆಯೆತ್ತಿದರೆ ಬಾಗಿಲು ತೆರೆಯದ ಕಾರಣ, ತಮ್ಮಿಂದ ಒಂದು ಚೂರು ಲೋಹ ಕೊರೆಸುವ ಭಾಗ್ಯ ನನಗೆ ಬಂದಿಲ್ಲ.

ಆದ್ದರಿಂದ ಪ್ರಾರ್ಥನೆ: ಕಾರು ಒಳಬರುವಾಗ ತಾವು ದಯಮಾಡಿ ಒಂದು ಗೇಣು ನೆಲದೊಳಗೆ ಇಳಿದು, ಬಾಗಿಲು ಮುಚ್ಚಿದ ಮೇಲೆ ಮೊದಲಿನಂತೆ ಏಳಬೇಕು. ಅದಾಗದಿದ್ದರೆ ತಲೆಕೆಳಗಾಗಿಯೇ ಕೆಲಸ ಮಾಡುವುದನ್ನು ಕಲಿಯಬೇಕು. ಅದೂ ಆಗದಿದ್ದರೆ, ಈ ಮನೆಯಲ್ಲಿ ಅರ್ಲೀನ್ ಈಗ ಕೇಳುವುದು ತಮ್ಮ ಮಾತೊಂದನ್ನೇ ಆದಕಾರಣ, ನನ್ನ ಪರವಾಗಿ ಅವಳ ಬಳಿ ಒಂದು ಮಾತು ಹಾಕಬೇಕು.

ತಮ್ಮ ಕಾಲಬುಡದಲ್ಲಿ ಜಾಗ ಸಿಕ್ಕಷ್ಟರಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಡೆಲ್ಮರ್ ಓಪರ್‌ಮನ್

ತಾಜಾ ಕಲಂ: ಅರ್ಲೀನಳ ಇನ್ನೊಂದು ಕೀಲನ್ನೂ ಶರತ್ಕಾಲದಲ್ಲಿ ಬದಲಾಯಿಸಬೇಕಂತೆ, ಆದ್ದರಿಂದ ಬರುವ ವರ್ಷದವರೆಗೆ ತಾವು ತಲೆಯೆತ್ತುವ ಆಸೆ ಇಟ್ಟುಕೊಳ್ಳಬೇಡಿ. ಈ ಸಲ ಭಯವಿಲ್ಲವೇ ಎಂದು ಡಾಕ್ಟರು ಕೇಳಿದ್ದಕ್ಕೆ, "ಇಲ್ಲ, ಮನೇಲಿ ಹಿಡ್ಕೊಳ್ಳೋಕೆ ಗಟ್ಟಿಯಾದದ್ದು ಒಂದಿದೆ" ಎಂದಳು. ಡಾಕ್ಟರು ನನ್ನತ್ತ ತಿರುಗಿ ಮೆಚ್ಚುಗೆಯಿಂದ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.