ಒಂದು ಹೆಚ್ಚು

ತಪಾಸಣೆಯ ದಿನ ಬೆಳಿಗ್ಗೆ ಪ್ರಭುಲಿಂಗಪ್ಪ ಮಾಸ್ತರು ಚಹಾದ ಜೊತೆಗೆ ಒಂದು ಮಾತನ್ನೂ ನುಂಗಬೇಕಿತ್ತು. ಚಹಾ ಮಾತ್ರ ನುಂಗಿದರು.

"ಇಸಾಕಸಾಬ, ಇವತ್ತ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಹುಡುಗ್ರು ಚಲೋ ಓದಿ ಲೆಕ್ಕ ಮಾಡಿ ತೋರಿಸಿದ್ರ ನನ್ನ ಬ್ಯಾಡಗಿ ಟ್ರಾನ್ಸ್‌ಫರಿಗೆ ಶಿಫಾರಸು ಬರೀತೇನಿ ಅಂದಾರ."

ಚಹಾದಂಗಡಿಯ ಇಸಾಕಸಾಬನ ಕೈಯಲ್ಲಿ ಚಹಾ ಸೋಸುವ ಅರಿವೆ ಹಾಗೇ ನಿಂತಿತು. "ಅಂದ್ರ ನೀವು ಊರು ಬಿಟ್ಟು ಹೊಕ್ಕೀರೇನ್ರಿ?"

"ಹುಡುಗ್ರು ಪಾಸಾದ್ರ ಹೊಕ್ಕೇನಿ. ಆಗೇ ಆಗ್ತಾರ."

ಮೇಡ್ಲೇರಿಯಿಂದಲೂ ಒಳಗಿದ್ದ ಆ ಊರಿಗೆ ಸಂಜೆ ಒಂದು ಬಸ್ಸು ಬಂದು, ರಾತ್ರಿ ಅಲ್ಲೇ ಮಲಗಿ, ನಸುಕಿನಲ್ಲಿ ರಾಣೆಬೆನ್ನೂರಿಗೆ ಹೊರಡುತ್ತಿತ್ತು. ಶಾಲೆಯ ವೇಳೆಗೂ ಬಸ್ಸಿನ ವೇಳೆಗೂ ಎಂದೂ ಕೂಡಿಬರಲಿಲ್ಲ. ಹಾಗಾಗಿ ಮಾಸ್ತರರು ನೀಲಗಂಗವ್ವನ ಮನೆಯ ಪಡಸಾಲೆ ಪಕ್ಕದ ಖೋಲಿಯಲ್ಲಿದ್ದು, ಅವಳು ಬಡಿದ ರೊಟ್ಟಿ ತಿನ್ನುತ್ತಿದ್ದರು. ಹೆಂಡತಿ ಸುಶೀಲವ್ವ ಬ್ಯಾಡಗಿಯ ಆಸ್ಪತ್ರೆಯಲ್ಲಿ ನರ್ಸ್. ಹೋದ ವಾರ ಅವರು ಮನೆಯ ಬಾಗಿಲಿಗೆ ಹೋದಾಗ, ಈಗಷ್ಟೇ ಮಾತು ಕಲಿತ ಮಗಳು ಒಳಗೆ ತಿರುಗಿ, "ಅವ್ವಾ, ಯಾರೋ ಮಾಸ್ತರ್ರು ಬಂದಾರ" ಎಂದು ಕೂಗಿದ್ದಳು. ಅಂದಿನಿಂದ ಅವರಿಗೆ ಅನ್ನ ರುಚಿಸಿರಲಿಲ್ಲ.

ಮಕ್ಕಳ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ಹಿಂದಿದ್ದ ಮಾಸ್ತರರೊಬ್ಬರು ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಮಗ್ಗಿ ಒದರಿಸುತ್ತಿದ್ದರು. ಇನ್ನೊಬ್ಬರು ವಿಮೆ ಮಾರುತ್ತಿದ್ದರು. ಆಗಿನ ಮಕ್ಕಳು ಪಾಠವನ್ನು ಬಾಯಿಪಾಠ ಹೇಳುತ್ತ ತಪ್ಪು ಜಾಗದಲ್ಲಿ ಹಾಳೆ ತಿರುವುತ್ತಿದ್ದವು. ಪ್ರಭುಲಿಂಗಪ್ಪನವರು ಜೋಳದ ದಂಟಿನ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಕಟ್ಟಿಸಿ, ಕಟ್ಟು ಬಿಚ್ಚಿಸಿ ಕಳೆಯುವುದನ್ನು ಕಲಿಸಿದ್ದರು. ಬೀಜದ ಪಾಕೀಟು, ಲಗ್ನಪತ್ರಿಕೆ, ಬಸ್ಸಿನ ಬೋರ್ಡು, ಅಕ್ಷರವಿದ್ದದ್ದನ್ನೆಲ್ಲ ಓದಿಸಿದ್ದರು. ಮೂರನೆಯ ಇಯತ್ತೆಯಲ್ಲಿ ಅವರ ಕೈಗೆ ಹತ್ತದೆ ಉಳಿದವನು ಡಾಕಪ್ಪನೊಬ್ಬನೇ. ಅವನು ಬೆರಳೆಣಿಸುವಾಗ ಒಂದು ಬೆರಳು ಎಲ್ಲಿಯೋ ಕಳೆದುಹೋಗುತ್ತಿತ್ತು. ಉತ್ತರ ಯಾವಾಗಲೂ ಒಂದು ಕಡಿಮೆ.

ಗಂಟೆ ಬಾರಿಸಿದರೂ ಅಂದು ಮಕ್ಕಳು ಬರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ, ನೀಲಗಂಗವ್ವನ ಮನೆಯ ಕಡೆಯಿಂದ, ಮದುವೆ ಊಟ ಮುಗಿಸಿದವರಂತೆ ಕೈ ಒರೆಸಿಕೊಳ್ಳುತ್ತ ಬಂದರು. "ನೀಲಗಂಗವ್ವ ಶೇಂಗಾ ಉಂಡಿ ಕೊಟ್ಲ್ರಿ ಸರ್" ಎಂದಳು ಎಲ್ಲರಿಗಿಂತ ಮುಂದಿದ್ದ ಶೇಖವ್ವ. ಮಾಸ್ತರರ ಕಣ್ಣು ಒದ್ದೆಯಾಯಿತು. ಎಂಥ ಊರು!

ಇನ್‌ಸ್ಪೆಕ್ಟರ್ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಧೂಳಿನ ಗೊಂಬೆಯಂತೆ ಬಂದಿಳಿದರು. ಪಠ್ಯಪುಸ್ತಕ ಮುಟ್ಟಲಿಲ್ಲ. ಪತ್ರಿಕೆಯಿಂದ ಕತ್ತರಿಸಿ ತಂದ ಕತೆಯೊಂದನ್ನು ಶೇಖವ್ವನಿಗೆ ಕೊಟ್ಟರು. ಕನ್ನಡಕ ಹಾಕಿಕೊಂಡು ಸಂತೆಗೆ ಹೋದ ಕತ್ತೆಯ ಕತೆ ಅದು.

ಹುಡುಗಿಯ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ನಡುವೆ ಒಂದೆಡೆ ಕಿಸಕ್ಕನೆ ನಗು ಬಂತು.

"ಓದವಾ."

"ಓದಾಕ ಬರಂಗಿಲ್ರಿ."

"ಮತ್ತ ಯಾಕ ನಕ್ಕಿ?"

"ಸುಮ್ನ ನಗಿ ಬಂತ್ರಿ."

ಸಾಹೇಬರು ತಮ್ಮ ಮೀಸೆ ಮುಟ್ಟಿ ನೋಡಿಕೊಂಡರು. ಕತೆ ಮುಂದಿನವನಿಗೆ ಹೋಯಿತು, ಅವನ ಮುಂದಿನವಳಿಗೆ ಹೋಯಿತು. ಎಲ್ಲರೂ ಅದೇ ಸಾಲಿಗೆ ಬಂದಾಗ ನಕ್ಕರು. ಒಬ್ಬರಿಗೂ ಓದಲು ಬರಲಿಲ್ಲ.

ಸಾಹೇಬರು ಹಲಗೆಯ ಮೇಲೆ ಅರವತ್ತೆರಡರಲ್ಲಿ ಮೂವತ್ತೈದು ಕಳೆಯಿರಿ ಎಂದು ಬರೆದರು. ಪಾಟಿಗಳು ಮೇಲೆದ್ದವು. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು. ಹಿಂದಿನ ಸಾಲಿನಲ್ಲಿ ಒಂದೇ ಒಂದು ಪಾಟಿಯ ಮೇಲೆ ಇಪ್ಪತ್ತೇಳು. ಅದು ಡಾಕಪ್ಪನದು.

"ಶಾಭಾಸ್! ನಿನಗ್ಯಾರು ಕಲಿಸಿದ್ರೋ?"

"ಯಾರೂ ಕಲಿಸಿಲ್ರಿ" ಎಂದ ಡಾಕಪ್ಪ ಗಾಬರಿಯಿಂದ.

ಸಾಹೇಬರು ಮಾಸ್ತರರನ್ನು ಹೊರಗೆ ಕರೆದರು. "ಒಬ್ಬ ತಪ್ಪಿದ್ರ ಹುಡುಗಂದ ತಪ್ಪು. ಎಲ್ಲಾರೂ ಒಂದ ನಮೂನಿ ತಪ್ಪಿದ್ರ ಅದು ಕಲಿಸಿದಾವಂದು. ನೀವು ಬ್ಯಾಡಗಿ ಸಾಲಿ ಕೆಡಿಸೂದು ಬ್ಯಾಡ. ಇವ್ರನ್ನ ಸುಧಾರಿಸೂಮಟ ಇಲ್ಲೇ ಇರ್ರಿ."

ಕಟ್ಟೆಯ ಮೇಲೆ ಕೂತಿದ್ದ ಊರ ಹಿರಿಯ ಸೋಮಪ್ಪ ಕೇಳಿಸಿಕೊಂಡು ಕೈ ಮುಗಿದ. "ಸಾಹೇಬ್ರ, ನ್ಯಾಯ ಮಾಡಿದ್ರಿ!"

ಮಾಸ್ತರರು ಒಳಗೆ ಬಂದು ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡರು. ಶೇಖವ್ವ ಹತ್ತಿರ ಬಂದಳು. "ಅಳಬ್ಯಾಡ್ರಿ ಸರ್. ನಮಗೆಲ್ಲಾ ಬರ್ತೈತ್ರಿ. ಇಸಾಕಸಾಬ ಊರಿಗೆಲ್ಲಾ ಹೇಳ್ಯಾನ್ರಿ. ನೀವು ಹೋಗಬಾರ್ದು ಅಂತ, ಖರೇ ಉತ್ತರಕ್ಕ ಒಂದು ಕೂಡ್ಸಿ ಬರೀರಿ ಅಂದ್ಲ್ರಿ ನೀಲಗಂಗವ್ವ. ಓದಬ್ಯಾಡ್ರಿ ಅಂದ್ಲು. ಉಂಡಿ ಅದಕ್ಕ ಕೊಟ್ಟಿದ್ಲು."

ಮಾಸ್ತರರ ಕಣ್ಣು ಡಾಕಪ್ಪನ ಮೇಲೆ ಬಿತ್ತು. ಅವನೂ ಊರು ಹೇಳಿದಂತೆ ತನ್ನ ಇಪ್ಪತ್ತಾರಕ್ಕೆ ಪ್ರಾಮಾಣಿಕವಾಗಿ ಒಂದು ಕೂಡಿಸಿದ್ದ. ಇಡೀ ವರ್ಗದಲ್ಲಿ ಕಲಿಯದೆ ಉಳಿದವನೊಬ್ಬನೇ ಪಾಸಾಗಿದ್ದ.

ಅವರು ಓಡಿದರು. ಚಪ್ಪಲಿಯೊಂದು ಹಾದಿಯಲ್ಲೇ ಉಳಿಯಿತು. ಇಸಾಕಸಾಬನ ಅಂಗಡಿಯ ಮುಂದೆ ಗಾಡಿಗೆ ಅಡ್ಡ ನಿಂತು ಎಲ್ಲವನ್ನೂ ಒದರಿದರು. ನಂಬದ ಸಾಹೇಬರು, ನಂಬದಿರಲೂ ಆಗದೆ ತಿರುಗಿ ಬಂದರು. ಈ ಸಲ ಮಾಸ್ತರರು ಮಕ್ಕಳಿಗೆ ಕೈ ಮುಗಿದರು. "ನನ್ನ ಮ್ಯಾಲೆ ಜೀವ ಇದ್ರ ಖರೇ ಬರೀರಪ್ಪಾ."

ಎಂಬತ್ತೊಂದರಲ್ಲಿ ನಲವತ್ತಾರು. ಪಾಟಿಗಳೆಲ್ಲ ಮೂವತ್ತೈದು ಎಂದವು. ಡಾಕಪ್ಪನ ಪಾಟಿ ಮೂವತ್ನಾಲ್ಕು ಎಂದಿತು. ಶೇಖವ್ವ ಕತ್ತೆಯ ಕತೆಯನ್ನು ಕತ್ತೆಯ ದನಿ ಸಮೇತ ಓದಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಯಾಚೆ ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪ್ರಭುಲಿಂಗಪ್ಪನೋರ, ಇಷ್ಟು ವರ್ಷದ ನೌಕರಿಯೊಳಗ ಇಂಥಾ ಸಾಲಿ ನೋಡಿಲ್ಲ!"

"ಹಂಗಾರ ಬ್ಯಾಡಗಿದು..."

"ಯಾತರ ಬ್ಯಾಡಗಿ? ಅದು ನನ್ನ ತಾಲೂಕೇ ಅಲ್ಲ. ಇಂಥಾ ಮಾಸ್ತರನ್ನ ಕೈಯಾರ ಬಿಟ್ಟುಕೊಡಾಕ ನನಗ ಹುಚ್ಚ ಹಿಡದೈತೇನು? ಇದನ್ನ ಮಾದರಿ ಸಾಲಿ ಮಾಡೂನು. ರಾಣೆಬೆನ್ನೂರು ತಾಲೂಕಿನ ಮಾಸ್ತರ್ರೆಲ್ಲಾ ಇಲ್ಲಿ ಬಂದು ಕಲೀಲಿ. ಶನಿವಾರ ಮಧ್ಯಾನ, ಆಯ್ತಾರ ಇಟ್ಕೊಳ್ರಿ. ಬಾಕಿ ದಿನ ಅವ್ರಿಗೆ ಸಾಲಿ ಇರ್ತಾವ."

ಮಾಸ್ತರರು ಮಗಳ ಮುಖ ನೋಡುತ್ತಿದ್ದದ್ದೇ ಭಾನುವಾರ.

ಸಂಜೆಯ ಬಸ್ಸು ಬಂದು ಆಲದ ಮರದ ಕೆಳಗೆ ನಿಂತು ತಣ್ಣಗಾಯಿತು. ನೀಲಗಂಗವ್ವ ತಾಟು ಇಟ್ಟಳು.

"ಸಿಟ್ಟ ಆಗಬ್ಯಾಡ್ರಿ ಮಾಸ್ತರ್ರ. ನಮ್ಮ ಹುಡುಗ್ರಿಗೆ ಮತ್ತ ನಿಮ್ಮಂಥಾರು ಸಿಗ್ತಾರೇನು? ರೊಟ್ಟಿ ಎಷ್ಟು ಹಾಕ್ಲಿ?"

"ಹಸಿವಿಲ್ಲ. ಎರಡ ಸಾಕು."

ತಾಟಿನ ಮೇಲೆ ಮೂರು ಬಿದ್ದವು.