ಜಾಗ ಕೊಟ್ಟ ತಾತ

ಶಾಲೆಯ ಗೋಡೆಗೊಂದು ಧ್ಯೇಯವಾಕ್ಯ ಬೇಕೆಂದು ಹೆಡ್‌ಮಿಸ್ ಸಿಸ್ಟರ್ ಲೀನಾ ಕೇಳಿದ್ದೇ ಎಲ್ಲಕ್ಕೂ ಮೂಲ. ಕನ್ನಡ ಮೇಷ್ಟ್ರು ಕಾಂತರಾಜ್ ‘ಪ್ರತಿಫಲ ಬಯಸದ ಸೇವೆ’ ಎಂದು ಬರೆದುಕೊಟ್ಟ. ಬರೆಯುವುದಕ್ಕೇನು ಕಷ್ಟ? ಸೇವೆ ಮಾಡುವವರು ಬೇರೆಯವರು ಎಂದುಕೊಂಡಿದ್ದ.

ಸಿಸ್ಟರ್ ಮೆಚ್ಚಿದರು. “ಸುವರ್ಣ ಮಹೋತ್ಸವದಲ್ಲಿ ಶಾಲೆಯ ಚರಿತ್ರೆಯನ್ನೂ ನೀವೇ ಹೇಳಿ ಮಾಸ್ಟ್ರೇ. ಬಿಷಪ್ಪರಿಗೆ ಇಷ್ಟವಾದರೆ ನಿಮ್ಮ ಪರ್ಮನೆಂಟ್ ವಿಷಯ ಅಲ್ಲಿಯೇ ಮಾತಾಡುವ.”

ಕಾಂತರಾಜನ ಜೀವನದಲ್ಲಿ ಮದುವೆಯೊಂದೇ ಪರ್ಮನೆಂಟಾಗಿತ್ತು, ಕೆಲಸ ಟೆಂಪರರಿ. ಮಹೋತ್ಸವದ ಹಿಂದಿನ ರಾತ್ರಿಯಿಡೀ ಭಾಷಣ ಬಾಯಿಪಾಠ ಮಾಡಿದ.

ಬೆಳಗ್ಗೆ ಗೇಟಿನಲ್ಲೇ ಪೋಷಕರ ಸಂಘದ ಅಧ್ಯಕ್ಷ ದೊಡ್ಡವೆಂಕಟಪ್ಪ ಹಿಡಿದ. “ಏಂ ಸಾರೂ, ಜಾಗ ಕೊಟ್ಟಿದ್ದು ನಮ್ ತಾತ ಅಂತ ಹೇಳ್ತೀರಾ ತಾನೆ? ಶಾಮಿಯಾನ ನಂದು. ಬಿಚ್ಚಿಸೋಕೆ ಎಷ್ಟೊತ್ತು?”

ಒಳಗೆ ಪಂಚಾಯ್ತಿ ಮೆಂಬರ್ ರಾಮಲಕ್ಷ್ಮಮ್ಮ, ಶಾಲೆ ಕಟ್ಟಿಸಿದ ಫಾದರ್ ಫೋಟೋಗೆ ಕುಂಕುಮವಿಡುತ್ತಿದ್ದರು. ಸಿಸ್ಟರ್ ಎಷ್ಟು ಒರೆಸಿದರೂ ಊರು ಕೇಳುತ್ತಿರಲಿಲ್ಲ. “ಆ ದೊಡ್ಡವೆಂಕಟಪ್ಪನ ತಾತ ಕೊಟ್ಟಿದ್ದು ಬರೀ ತಂಟೆ ಕಣಪ್ಪ. ಜಾಗ ನಮ್ ಮಾವನೋರ್ದು. ಬೇರೆ ಹೆಸ್ರು ಹೇಳ್ನೋಡು, ಅಡುಗೆಯೋರ್ನ ಕರ್ಕೊಂಡು ಹೋಗ್ತೀನಿ. ಬಿಷಪ್ಪು ನಿನ್ ಭಾಷಣಾನೇ ಉಣ್ಲಿ.”

“ಇಬ್ರ ಹೆಸ್ರೂ ಹೇಳ್ಬಿಡ್ತೀನಮ್ಮ...”

“ಅವ್ನ ಜೊತೇಲಾ?”

ನಿಜ ಹೇಳಬೇಕೆಂದರೆ ಶಾಲೆ ಕಟ್ಟುವಾಗ ಆ ಜಾಗ ಆಡೂ ಹತ್ತದ ಬಂಡೆಗುಡ್ಡ. ಆಗ ಅದಕ್ಕೆ ಯಾವ ತಾತನೂ ಇರಲಿಲ್ಲ. ಗೌನಿಪಲ್ಲಿ ರಸ್ತೆಯುದ್ದಕ್ಕೂ ಮಾವಿನ ತೋಪುಗಳು ಸೈಟುಗಳಾದ ಮೇಲೆ ತಾತಂದಿರು ಹುಟ್ಟಿಕೊಂಡಿದ್ದರು.

ಕಾಂತರಾಜ್ ಮೈಕ್ ಹಿಡಿದ. “ಈ ಜಾಗವನ್ನು ದಾನ ಮಾಡಿದ ಪುಣ್ಯಾತ್ಮರು...”

ಎಡಕ್ಕೆ ದೊಡ್ಡವೆಂಕಟಪ್ಪ ಶಾಮಿಯಾನದ ಹಗ್ಗ ಹಿಡಿದು ನಿಂತಿದ್ದ. ಬಲಕ್ಕೆ ರಾಮಲಕ್ಷ್ಮಮ್ಮ, ಕೈಯಲ್ಲಿ ಸೌಟು. ಕಾಂತರಾಜನ ನಾಲಿಗೆ ಸಂತೆಯಲ್ಲಿ ಕಟ್ಟು ಬಿಚ್ಚಿದ ಕೋಳಿಯಂತೆ ಎತ್ತಲೋ ಹಾರಿತು.

“...ನಮ್ಮ ತಾತ!”

ಇಬ್ಬರೂ ಬಾಯಿ ಬಿಟ್ಟರು. ಸದ್ಯ, ಎದುರಾಳಿಯ ತಾತನಲ್ಲವಲ್ಲ ಎಂದು ಇಬ್ಬರೂ ಚಪ್ಪಾಳೆ ತಟ್ಟಿದರು. ಬಿಷಪ್ ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಅವನಿಗೆ ಹೊದಿಸಿ ಅಪ್ಪಿಕೊಂಡರು.

ಊಟದ ಹೊತ್ತಿಗೆ ಸಿಸ್ಟರ್ ಓಡಿಬಂದರು. “ಮಾಸ್ಟ್ರೇ, ಬಿಷಪ್ಪರು ಒಪ್ಪಿದರು! ನೀವು ಪರ್ಮನೆಂಟ್!”

ಕಾಂತರಾಜನ ಕಣ್ಣು ತುಂಬಿತು. “ಹಾಗಾದ್ರೆ ಸಂಬಳ, ಸಿಸ್ಟರ್?”

“ಛೇ, ಛೇ! ಜಾಗವನ್ನೇ ದಾನ ಕೊಟ್ಟ ಮನೆಯವರಿಗೆ ಸಂಬಳ ಕೊಟ್ಟು ಅವಮಾನ ಮಾಡುವುದುಂಟಾ? ಬಿಷಪ್ಪರೇ ಬೇಡ ಎಂದರು.”

ಸಿಸ್ಟರ್ ಭಕ್ತಿಯಿಂದ ಗೋಡೆಯ ಕಡೆ ಕೈ ತೋರಿಸಿದರು. ಕಾಂತರಾಜ್ ಬರೆದುಕೊಟ್ಟಿದ್ದ ವಾಕ್ಯದ ಬಣ್ಣ ಇನ್ನೂ ಒಣಗಿರಲಿಲ್ಲ.