ಮೇಲಿನ ಸಾಲು ನನ್ನ ಕೈಕೆಲಸ

ಇಷ್ಟಕ್ಕೆಲ್ಲ ಕಾರಣ ಮೂರೇ ಮೂರು ವಾಕ್ಯ. ಬಾಯಿಬಡುಕರು ವರ್ಷವಿಡೀ ಮಾತಾಡಿದರೂ ಆಗದ ಅನಾಹುತ, ಮಾತೇ ಆಡದವನೊಬ್ಬ ಬರೆದ ಮೂರು ವಾಕ್ಯದಿಂದ ಆಗಿಹೋಯಿತು.

ಅವನು ಹಲ್ಲು ಕಟ್ಟುವವನು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಮೇಣ ಕಾಯಿಸುತ್ತ, ಹಲ್ಲು ಜೋಡಿಸುತ್ತ, ವಸಡಿಗೆ ಬಣ್ಣ ಹೊಂದಿಸುತ್ತ ಕೂತಿದ್ದ. ಮುಂದಿನ ಕೋಣೆಯಿಂದ ಅವನಿಗೆ ಬರುತ್ತಿದ್ದದ್ದು ಪ್ಲಾಸ್ಟರಿನ ದವಡೆ, ಅದರ ಮೇಲೊಂದು ನಂಬರು. ಹೆಸರಿಲ್ಲ, ಮುಖವಿಲ್ಲ. ಪೇಶೆಂಟಿನ ಗುಟ್ಟು ಪೇಶೆಂಟಿನ ಬಾಯೊಳಗೇ ಇರಬೇಕು ಎಂದು ಡಾಕ್ಟರ ಕಟ್ಟಪ್ಪಣೆ. ಬೀದಿಯವರು ಅವನಿಗೆ ದವಡೆರಾಯ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ತಿರುಗಿ ನೋಡುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ. ಬಾಯಿಗಳ ಜೊತೆ ಇದ್ದೂ ಇದ್ದೂ, ಬಾಯಿ ಇರುವುದು ಮಾತಿಗೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಆ ಬೆಳಿಗ್ಗೆ ಹಲ್ಲುಜ್ಜುತ್ತ ಫೋನು ನೋಡುತ್ತಿದ್ದಾಗ ಊರಿನ ಸುದ್ದಿಪುಟದಲ್ಲಿ ಒಂದು ಫೋಟೋ ಕಾಣಿಸಿತು. ಹುಡುಗಿಯರ ಶಾಲೆಯ ಹೆಡ್‌ಮಿಸ್ಸು ಯಾವುದೋ ಪ್ರಶಸ್ತಿ ಹಿಡಿದು ಬಾಯಿತುಂಬ ನಗುತ್ತಿದ್ದರು. ದವಡೆರಾಯನ ಬ್ರಷ್ಷು ನಿಂತಿತು. ಎಡಗಡೆಯ ಕೋರೆಹಲ್ಲು ಒಂದು ಕೂದಲೆಳೆಯಷ್ಟು ಒಳಕ್ಕೆ ತಿರುಗಿತ್ತು. ತಾನಾಗಿ ಹುಟ್ಟಿದ ಹಲ್ಲಿನ ಹಾಗೆ ಕಾಣಲಿ ಎಂದು ಅವನೇ ಬೇಕೆಂದು ತಿರುಗಿಸಿದ್ದು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಕಟ್ಟಿದ ಒಂದು ಹಲ್ಲಿನ ಸಾಲಿಗೆ ಮುಖ ಸಿಕ್ಕಿತ್ತು. ಜಾತ್ರೆಯಲ್ಲಿ ಕಳೆದುಹೋದ ಮಗಳು ವೇದಿಕೆಯ ಮೇಲೆ ಸಿಕ್ಕ ಹಾಗಾಯಿತು. ಕಣ್ಣು ಒದ್ದೆಯಾಯಿತು. ಅದೇ ಗುಂಗಿನಲ್ಲಿ ಫೋಟೋದ ಕೆಳಗೆ ಬರೆದ:

"ಮೇಲಿನ ಸಾಲು ನನ್ನ ಕೈಕೆಲಸ. ಎಡಗಡೆಯ ಕೋರೆಹಲ್ಲಿಗೇ ಮೂರು ದಿನ ಹಿಡಿಯಿತು. ಚೆನ್ನಾಗಿ ಕೂತಿದೆ, ಹೀಗೇ ನಗುತ್ತಿರಿ."

ಫೋಟೋದ ಕೆಳಗೆ ಬರೆದರೆ ಫೋಟೋದಲ್ಲಿರುವವರಿಗೆ ಮಾತ್ರ ತಲುಪುತ್ತದೆ ಎಂದು ಅವನು ತಿಳಿದಿದ್ದ. ಕಾಗದ ಬರೆದು ಹಾಕಿದ ಹಾಗೆ.

ಅವನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ನಲವತ್ತಮೂರು ಜನ ನಕ್ಕಿದ್ದರು.

"ಏನ್ರೀ ಇದು?" ಹೆಂಡತಿ ಫೋನು ಹಿಡಿದು ಅಡುಗೆಮನೆಯಿಂದ ಬಂದಳು. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ನಗು ಹೇಗಿದೆ ಅಂತ ಒಂದು ಮಾತು ಹೇಳಿದ್ದಿಲ್ಲ. ಆ ಯಮ್ಮನಿಗೆ ಹೀಗೇ ನಗ್ತಾ ಇರಿ ಅಂತೆ!"

"ಅದು... ನಿನ್ನದು ಸ್ವಂತ ಹಲ್ಲಲ್ವಾ."

"ಓಹೋ! ಹಾಗಾದ್ರೆ ಉದುರಿಸ್ಕೊಂಡು ಬರ್ಲಾ?"

"ಅದು ನಿನಗೆ ಹೇಗೆ ಕಾಣ್ತು? ನಾನು ಅವರಿಗೆ ಮಾತ್ರ ಬರೆದಿದ್ದು."

ಹೆಂಡತಿ ಅವನ ಮುಖವನ್ನೇ ನೋಡಿದಳು. ಸಿಟ್ಟು ಇಳಿದು ಅದರ ಜಾಗದಲ್ಲಿ ಕನಿಕರ ಬಂತು. ಸಿಟ್ಟೇ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು. "ರೀ," ಎಂದಳು ಮೆಲ್ಲಗೆ, "ಅದನ್ನ ಊರೇ ಓದುತ್ತೆ ಕಣ್ರೀ."

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಪೋಸ್ಟ್‌ಮಾಸ್ತರು ಕಾದೇ ನಿಂತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಲಕೋಟೆಗಳ ಹೊರಮೈಯನ್ನಷ್ಟೇ ಓದಿ ಹಸಿದಿದ್ದ ಆ ಮನುಷ್ಯ, ನಿವೃತ್ತರಾದ ಮೇಲೆ ಜಾಲತಾಣದಲ್ಲಿ ಎಲ್ಲರ ಒಳಗನ್ನೂ ಓದಿ ಸೇಡು ತೀರಿಸಿಕೊಳ್ಳುತ್ತಿದ್ದರು.

"ಭಲೇ ದವಡೆರಾಯರೇ! ಹೆಡ್‌ಮಿಸ್ಸಿನದು ಕಟ್ಟಿಸಿದ್ದು ಅಂತ ನನಗೆ ಮೊದಲಿಂದ್ಲೂ ಗುಮಾನಿ. ಕೆಳಗಿನ ಸಾಲೂ ನಿಮ್ದೇನಾ?"

"ಅಳಿಸೋದು ಹೇಗೆ ಹೇಳಿ, ಮಾಸ್ತರೇ."

"ಅಳಿಸ್ತೀರಾ? ಅಳಿಸಿದ್ರೆ ಏನೋ ಇದೆ ಅಂತಾಗುತ್ತೆ." ಹಾಗೆಂದರೂ ಅವರೇ ಎಲ್ಲಿ ಒತ್ತಬೇಕೆಂದು ತೋರಿಸಿದರು. ಮೂರು ವಾಕ್ಯ ಮಾಯವಾದವು. ದವಡೆರಾಯ ಉಸಿರು ಬಿಟ್ಟ.

"ಹೆದರ್ಬೇಡಿ," ಎಂದರು ಮಾಸ್ತರು, ತಮ್ಮ ಫೋನು ತಟ್ಟುತ್ತ. "ಹಾಳಾಗ್ದೇ ಇರ್ಲಿ ಅಂತ ನಾನು ಮೊದ್ಲೇ ಅದರ ಫೋಟೋ ತೆಗೆದಿಟ್ಟಿದೀನಿ. ನಾಲ್ಕು ಗುಂಪಿಗೆ ಕಳ್ಸಿದ್ದೂ ಆಯ್ತು."

ಕ್ಲಿನಿಕ್ಕಿನಲ್ಲಿ ಕೌಂಟರಿನಾಕೆ ಎರಡು ಕಿವಿಗೂ ಫೋನು ಹಿಡಿದು ಕೂತಿದ್ದಳು. ಅವನನ್ನು ನೋಡಿದ್ದೇ ಎರಡನ್ನೂ ಮೇಜಿನ ಮೇಲಿಟ್ಟಳು.

"ಅಣ್ಣಾ, ಏನು ಮಾಡ್ಬಿಟ್ರಿ! ಬೆಳಿಗ್ಗೆಯಿಂದ ಒಂದೇ ಸಮ ಫೋನು. 'ನಮ್ಮ ಹೆಸರು ಹೊರಗೆ ಬರಲ್ಲ ತಾನೇ' ಅಂತ ಆರು ಜನ ಕೇಳಿದ್ರು. ಅದ್ರಲ್ಲಿ ಇಬ್ರು ಕಟ್ಟಿಸ್ಕೊಂಡಿದ್ದು ನನಗೇ ಗೊತ್ತಿರ್ಲಿಲ್ಲ!"

"ನಾನು ಕ್ಲಿನಿಕ್ಕಿನ ಹೆಸರೇ ಬರೆದಿಲ್ಲವಲ್ಲ, ಅವರಿಗೆಲ್ಲ ಹೇಗೆ ಗೊತ್ತಾಯ್ತು?"

"ನೀವು ಕೆಲಸ ಮಾಡೋ ಜಾಗ ಅಂತ ನಿಮ್ಮ ಹೆಸರಿನ ಕೆಳಗೇ ಹಾಕ್ಕೊಂಡಿದೀರಲ್ಲ, ದುಡ್ಡು ಕೊಟ್ಟು ಬೋರ್ಡು ಬರೆಸಿದ ಹಾಗೆ."

ಹೆಂಡತಿ ಖಾತೆ ತೆರೆದುಕೊಟ್ಟಾಗ ಬಹಳ ಹೆಮ್ಮೆಯಿಂದ ಅದನ್ನೂ ಬರೆದು ತುಂಬಿದ್ದಳು. ಅವನು ನೋಡಿಯೂ ಇರಲಿಲ್ಲ.

ಒಳಗಿನಿಂದ ಡಾಕ್ಟರು ಬಂದರು. ಎಂದಿನಂತೆ ಮುಖಕ್ಕೆ ಮಾಸ್ಕು. ಅದರ ಮೇಲೆ ಎರಡು ಕಣ್ಣು, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅಲುಗುತ್ತಿದ್ದವು.

"ಹದಿನೆಂಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ ನೀವು. ಬಿಟ್ಟಿದ್ದು ಒಂದ್ಸಲ, ಅದೂ ಊರಿನ ನಡುಮಧ್ಯೆ! ಪೇಶೆಂಟುಗಳು ನನ್ನ ಹತ್ರ ಬರೋದು ಯಾಕೆ? ಹಲ್ಲಿಗೆ ಅಂದ್ಕೊಂಡ್ರಾ? ಹಲ್ಲು ಎಲ್ಲಾ ಕಡೆ ಸಿಗುತ್ತೆ. ಗುಟ್ಟಿಗೆ ಬರ್ತಾರೆ ಕಣ್ರೀ, ಗುಟ್ಟಿಗೆ!"

"ತಪ್ಪಾಯ್ತು ಸಾರ್."

"ಸಂಜೆ ಐದರೊಳಗೆ ಆ ಮೇಡಮ್ಮು ನನಗೆ ಫೋನ್ ಮಾಡಿ, ನಂದೇನೂ ದೂರಿಲ್ಲ ಅನ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರ್ಬೇಡಿ."

ದವಡೆರಾಯ ಹಿಂದಿನ ಕೋಣೆಗೆ ಹೋಗಿ ಕೂತ. ಕಪಾಟಿನ ತುಂಬ ದವಡೆಗಳು. ಅವು ತನ್ನ ಕಡೆಗೇ ನಗುತ್ತಿವೆ ಎಂದು ಮೊದಲ ಸಲ ಅನ್ನಿಸಿತು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆಲ್ಲಾದರೂ ಕೆಲಸ ಕೇಳಬೇಕೆಂದರೆ ಮಾತಾಡಬೇಕು, ಅದೂ ಬರುತ್ತಿರಲಿಲ್ಲ.

ತಿದ್ದಿಬಿಡೋಣ ಎಂದುಕೊಂಡು ಮತ್ತೆ ಅದೇ ಫೋಟೋದ ಕೆಳಗೆ ಬರೆದ: "ಬೆಳಿಗ್ಗೆ ಬರೆದದ್ದು ತಪ್ಪು. ಆ ಸಾಲು ನನ್ನ ಕೈಕೆಲಸವಲ್ಲ."

ಬೆಂಕಿಗೆ ಸೀಮೆಎಣ್ಣೆ ಹೊಯ್ದ ಹಾಗಾಯಿತು. "ಹಾಗಾದ್ರೆ ಯಾರದ್ದು?" ಎಂದು ಒಬ್ಬ. "ಬೇರೆ ಕಡೆ ಕಟ್ಟಿಸಿರ್ಬೇಕು, ಪಾಪ ಇವರಿಗೆ ಹೊಟ್ಟೆಕಿಚ್ಚು" ಎಂದು ಇನ್ನೊಬ್ಬಳು. ಹೆಡ್‌ಮಿಸ್ಸಿನ ಹಳೇ ವಿದ್ಯಾರ್ಥಿನಿಯೊಬ್ಬಳು, "ಸುಳ್ಳು ಹೇಳಿದ್ದಕ್ಕೆ ನನ್ನ ಬೆಂಚಿನ ಮೇಲೆ ನಿಲ್ಲಿಸಿದವರ ಬಾಯಲ್ಲೇ ಸುಳ್ಳು ಹಲ್ಲಾ?" ಎಂದು ಬರೆದಳು. ಅದಕ್ಕೆ ಇನ್ನೂರು ಜನ ಮೆಚ್ಚುಗೆ ಒತ್ತಿದರು. ಪೋಸ್ಟ್‌ಮಾಸ್ತರು ಬೆಳಗಿನ ಕಾಮೆಂಟಿನ ಫೋಟೋವನ್ನು ಮತ್ತೆ ಅಲ್ಲೇ ತಂದು ಅಂಟಿಸಿ, "ದಾಖಲೆಗಾಗಿ" ಎಂದು ಬರೆದರು.

ಕೌಂಟರಿನಾಕೆ ಊಟದ ಹೊತ್ತಿಗೆ ಬಾಗಿಲಲ್ಲಿ ಇಣುಕಿದಳು. ಅವಳ ತಲೆ ಓಡುವುದು ಜಾಸ್ತಿ. ಬ್ರೇಕು ಕಡಿಮೆ.

"ಅಣ್ಣಾ, ಅಳಿಸೋದೂ ಬೇಡ, ತಿದ್ದೋದೂ ಬೇಡ. ತಮಾಷೆ ಮಾಡ್ಬಿಡಿ."

"ನಾನಾ? ತಮಾಷೆನಾ?"

"ಅದೇ ಮಾತನ್ನ ಇನ್ನೂ ಹತ್ತು ಜನರ ಫೋಟೋ ಕೆಳಗೆ ಹಾಕಿ. ಸಿಕ್ಕಸಿಕ್ಕವರಿಗೆಲ್ಲ ಮೇಲಿನ ಸಾಲು ನನ್ನ ಕೈಕೆಲಸ ಅಂದ್ರೆ, ಈ ಮನುಷ್ಯನ ಚಾಳಿನೇ ಇಷ್ಟು ಅಂತ ಜನ ನಕ್ಕು ಸುಮ್ಮನಾಗ್ತಾರೆ. ಮಿಸ್ಸಿಂದೂ ಅದರಲ್ಲಿ ಕೊಚ್ಕೊಂಡು ಹೋಗುತ್ತೆ."

ಯೋಚಿಸಿದಷ್ಟೂ ಇದು ಸರಿಯೆನ್ನಿಸಿತು. ಆದರೆ ನಿಜವಾಗಿಯೂ ತಾನು ಕಟ್ಟಿದ ಹಲ್ಲಿನವರು ಮತ್ತೆ ಸಿಕ್ಕಿಬಿಟ್ಟರೆ? ಅದಕ್ಕೆ ಅವನು ಎಚ್ಚರದಿಂದ ಒಂದು ಉಪಾಯ ಮಾಡಿದ. ನಗುವವರ ತಂಟೆಗೆ ಹೋಗದೆ, ಬಾಯಿ ಮುಚ್ಚಿಕೊಂಡಿರುವ ಫೋಟೋಗಳನ್ನೇ ಹುಡುಕಿದ. ಕಾಣದ ಹಲ್ಲಿನ ಬಗ್ಗೆ ಬರೆದರೆ ತಮಾಷೆಯೆಂದು ಮಗುವಿಗೂ ಗೊತ್ತಾಗುತ್ತದೆ. ನೀರಿನ ಇಲಾಖೆಯ ಇಂಜಿನಿಯರು, ಕುಸ್ತಿಯ ಪೈಲ್ವಾನ, ಎತ್ತರದ ಮಹಡಿಯ ಮೇಲೆ ಗಂಭೀರವಾಗಿ ನಿಂತ ವಕೀಲರು, ಹೀಗೆ ಒಂಬತ್ತು ಜನರಾದರು.

"ಹತ್ತನೇದು ನಮ್ಮ ಡಾಕ್ಟರದ್ದೇ ಹಾಕಿ," ಎಂದಳು ಅವಳು. "ಕ್ಲಿನಿಕ್ಕಿನ ಪುಟದಲ್ಲಿ ಬಿಳೀ ಕೋಟಲ್ಲಿ ಗುಮ್ಮನ ಥರ ನಿಂತಿದಾರಲ್ಲ, ಅದು. ಹಲ್ಲಿನ ಡಾಕ್ಟರಿಗೇ ಕಟ್ಟಿದ ಹಲ್ಲು ಅಂದ್ರೆ ಯಾರಾದ್ರೂ ನಂಬ್ತಾರಾ? ಎಲ್ಲಾ ತಮಾಷೆ ಅನ್ನೋದಕ್ಕೆ ಅದೇ ಮೊಹರು."

ದವಡೆರಾಯ ಮೊಹರು ಒತ್ತಿದ. ಆಮೇಲೆ ಅರ್ಧ ದಿನ ರಜೆ ಕೇಳಿ ಶಾಲೆಗೆ ಓಡಿದ.

ಹೆಡ್‌ಮಿಸ್ಸಿನ ಕೋಣೆಯ ಹೊರಗೆ ಶಿಕ್ಷೆಗೆ ಬಂದ ಹುಡುಗಿಯರ ಸಾಲು. ಅವನೂ ಅದರ ಕೊನೆಯಲ್ಲಿ ನಿಂತ.

"ಅಂಕಲ್, ನೀವೇನು ತಪ್ಪು ಮಾಡಿದ್ರಿ?" ಎಂದಳು ಮುಂದಿದ್ದವಳು.

"ಕಾಮೆಂಟ್ ಹಾಕ್ದೆ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಅಯ್ಯೋ, ಅವರು ನೀವೇನಾ!" ಎಂದು ಪಿಸುಗುಟ್ಟಿ, ಸತ್ತವರ ಮನೆಯಲ್ಲಿ ದಾರಿ ಬಿಡುವ ಹಾಗೆ ಅವನನ್ನು ಮುಂದಕ್ಕೆ ಬಿಟ್ಟರು.

ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ನೋಡಿದರು. "ಬೆಳಿಗ್ಗೆ ಏಳಕ್ಕೆ ನನ್ನ ಕೈಕೆಲಸ ಅಂದ್ರಿ. ಹತ್ತಕ್ಕೆ ನನ್ನ ಕೈಕೆಲಸ ಅಲ್ಲ ಅಂದ್ರಿ. ಯಾವುದು ನಿಜ?"

"ಮೊದಲನೇದು, ಮೇಡಂ."

"ನನಗೆ ಸಿಟ್ಟು ಬಂದಿದ್ದು ಎರಡನೇದಕ್ಕೆ. ಮೂವತ್ತೊಂದು ವರ್ಷದಿಂದ ಸುಳ್ಳು ಹೇಳ್ಬೇಡಿ ಅಂತ ಪಾಠ ಮಾಡ್ತಿದೀನಿ. ಹದಿನಾಲ್ಕು ಹಲ್ಲು ಹೋಯ್ತು, ಹದಿನಾಲ್ಕು ಕಟ್ಟಿಸ್ಕೊಂಡೆ. ಲೆಕ್ಕ ಸರಿಯಾಗಿದೆ. ಇದರಲ್ಲಿ ನಾಚ್ಕೊಳ್ಳೋದೇನಿದೆ?"

ದವಡೆರಾಯ ಮೇಜಿನ ಮೇಲಿದ್ದ ಫೋನನ್ನು ಅವರ ಕಡೆ ಸರಿಸಿದ. "ಹಾಗಾದ್ರೆ ಡಾಕ್ಟರಿಗೆ ಒಂದು ಫೋನು..."

"ಮಾಡ್ತೀನಿ. ಮೊದಲು ಶಿಕ್ಷೆ. ತಗೊಳ್ಳಿ ಸೀಮೆಸುಣ್ಣ. 'ಕೇಳದೆ ಬಾಯಿ ಹಾಕುವುದಿಲ್ಲ.' ಇಪ್ಪತ್ತೈದು ಸಲ. ಅಕ್ಷರ ದುಂಡಗಿರ್ಲಿ."

ಅವನು ಬರೆದ. ಬಾಗಿಲಲ್ಲಿ ಹುಡುಗಿಯರು ಗಟ್ಟಿಯಾಗಿ ಎಣಿಸಿದರು. ಹದಿನೇಳನೆಯದು ಸೊಟ್ಟಗಿದೆಯೆಂದು ಮಿಸ್ಸು ಅಳಿಸಿ ಮತ್ತೆ ಬರೆಸಿದರು. ಇಪ್ಪತ್ತೈದಾದ ಮೇಲೆ ಫೋನೆತ್ತಿ, "ಡಾಕ್ಟರೇ, ನಂದೇನೂ ದೂರಿಲ್ಲ. ನಿಮ್ಮ ಮನುಷ್ಯ ಒಳ್ಳೇ ಕೆಲಸಗಾರ, ಅವರನ್ನ ಏನೂ ಅನ್ಬೇಡಿ" ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ಫೋನನ್ನು ದೂರ ಹಿಡಿದು ನೋಡಿದರು. "ಏನೂ ಮಾತಾಡದೆ ಇಟ್ಟುಬಿಟ್ರು. ನಿಮ್ಮ ಡಾಕ್ಟರೂ ನಿಮ್ಮ ಹಾಗೇ ಮೌನಿನಾ?"

ಗಂಟೆ ನಾಲ್ಕೂವರೆ. ದವಡೆರಾಯ ಗೆದ್ದಿದ್ದ. ದಾರಿಯಲ್ಲಿ ಫೋನು ತೆಗೆದು ನೋಡಿದರೆ ಉಪಾಯವೂ ಫಲಿಸಿತ್ತು. ಪೈಲ್ವಾನ ನಕ್ಕಿದ್ದ. ಇಂಜಿನಿಯರು "ಕೆಳಗಿನ ಸಾಲಿಗೂ ಬರ್ತೀನಿ" ಎಂದು ಬರೆದಿದ್ದರು. ಹೆಡ್‌ಮಿಸ್ಸಿನ ಮಾತು ಬಿಟ್ಟು ಊರೆಲ್ಲ ಒಬ್ಬರ ಫೋಟೋದ ಕೆಳಗೊಬ್ಬರು ಅದೇ ವಾಕ್ಯ ಬರೆದು ಆಡುತ್ತಿತ್ತು. ಬಹಳ ವರ್ಷಗಳ ಮೇಲೆ ಅವನಿಗೆ ಶಿಳ್ಳೆ ಹಾಕಬೇಕೆನ್ನಿಸಿತು.

ಕ್ಲಿನಿಕ್ಕಿನಲ್ಲಿ ಕೌಂಟರಿನಾಕೆ ತಲೆಯೆತ್ತಲಿಲ್ಲ. ಫೋನನ್ನು ಮಾತ್ರ ಅವನ ಕಡೆ ತಿರುಗಿಸಿದಳು. ಡಾಕ್ಟರ ಫೋಟೋ, ಕೆಳಗೆ ಅವನ ಕಾಮೆಂಟು, ಅದರ ಕೆಳಗೆ ತೊಂಬತ್ತಮೂರು ನಗು. ಅಷ್ಟರ ನಡುವೆ ನಗದವರು ಒಬ್ಬರೇ, ಡಾಕ್ಟರ ಹೆಂಡತಿ. ಅವರು ಬರೆದಿದ್ದರು: "ಓಹೋ, ಅದಕ್ಕೇನಾ ನಾಲ್ಕು ವರ್ಷದಿಂದ ಸೇಬನ್ನ ತೆಳ್ಳಗೆ ಹೆಚ್ಚಿ ಕೊಡು ಅಂತಿರೋದು? ರಾತ್ರಿ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಇರೋದೂ ಅದಕ್ಕೇನಾ? ಮನೆಗೆ ಬನ್ನಿ."

ದವಡೆರಾಯ ಒಳಗೆ ಹೋದ. ಡಾಕ್ಟರು ಪೇಶೆಂಟಿನ ಕುರ್ಚಿಯಲ್ಲಿ ಕೂತಿದ್ದರು. ಅವನನ್ನು ಕಂಡದ್ದೇ ಮಾಸ್ಕು ಕಿತ್ತೆಸೆದು ಬಯ್ಯಲು ಬಾಯಿ ತೆರೆದರು. ಬಹಳ ಬೈದರು. ಅವನಿಗೆ ಒಂದೂ ಕೇಳಿಸಲಿಲ್ಲ. ಅವನು ನೋಡುತ್ತಿದ್ದ. ಮುಂದಿನ ಎರಡು ಹಲ್ಲಿನ ನಡುವೆ ಅಷ್ಟು ಸಣ್ಣ ಸಂದು ಈ ಊರಿನಲ್ಲಿ ಬಿಡುವ ಕೈ ಒಂದೇ, ಅವನದು.

"ಚೆನ್ನಾಗಿ ಕೂತಿದೆ, ಸಾರ್," ಎಂದ, ತನಗೇ ತಿಳಿಯದೆ.

ಡಾಕ್ಟರ ಬೈಗುಳ ಅರ್ಧಕ್ಕೇ ನಿಂತಿತು. ಅವರು ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. "ಎಲ್ರೀ ಕೂತಿದೆ? ಬಲಗಡೆ ಒತ್ತುತ್ತೆ. ನಾಲ್ಕು ವರ್ಷದಿಂದ ಒತ್ತುತ್ತೆ. ಯಾರ ಹತ್ರ ಅಂತ ಹೇಳ್ಕೊಳ್ಲಿ?"

"ಅಯ್ಯೋ, ನನಗೊಂದು ಮಾತು ಅಂದಿದ್ರೆ... ಹತ್ತು ನಿಮಿಷದ ಕೆಲಸ ಸಾರ್. ಕೊಡಿ ಇಲ್ಲಿ."

ಡಾಕ್ಟರು ಗೋಡೆಯ ಕಡೆ ತಿರುಗಿ, ಸಾಲನ್ನು ಕರವಸ್ತ್ರದಲ್ಲಿಟ್ಟು ಕೈ ಹಿಂದೆ ಚಾಚಿದರು.

ದವಡೆರಾಯ ಹಿಂದಿನ ಕೋಣೆಗೆ ಹೋಗಿ ದೀಪ ಹಾಕಿದ. ಒತ್ತುವ ಜಾಗವನ್ನು ಬೆರಳಲ್ಲೇ ಹುಡುಕಿದ, ಉಜ್ಜಿದ, ತೊಳೆದ, ಹೊಳಪು ಕೊಟ್ಟ. ಹತ್ತು ನಿಮಿಷವೆಂದವನು ಮುಕ್ಕಾಲು ಗಂಟೆ ತೆಗೆದುಕೊಂಡ. ಇಷ್ಟು ಮನಸ್ಸಿಟ್ಟು ಯಾವ ಕೆಲಸವನ್ನೂ ಅವನು ಮಾಡಿರಲಿಲ್ಲ. ತಂದುಕೊಟ್ಟ. ಡಾಕ್ಟರು ಹಾಕಿಕೊಂಡರು. ಗಾಳಿಯನ್ನು ಎರಡು ಸಲ ಕಚ್ಚಿದರು. ನಾಲಿಗೆ ಆಡಿಸಿದರು. ನಾಲ್ಕು ವರ್ಷದ ನೋವು ಮುಖದಿಂದ ಇಳಿದುಹೋಯಿತು, ಕಣ್ಣು ಅರಳಿದವು.

"ಒತ್ತುತ್ತಾ ಸಾರ್?"

"ಇಲ್ಲ."

"ಮಾತಾಡಿ ನೋಡಿ. ಎಲ್ಲಾದ್ರೂ ತೊಡರುತ್ತಾ ಅಂತ."

ಡಾಕ್ಟರು ಬೆನ್ನು ನೆಟ್ಟಗೆ ಮಾಡಿ ಕೂತರು.

"ನಾಳೆಯಿಂದ ಕೆಲಸಕ್ಕೆ ಬರಬೇಡಿ," ಎಂದರು.

ಒಂದು ಅಕ್ಷರವೂ ತೊಡರಲಿಲ್ಲ.